ರಾಚವ್ವನ ಮನೆಯ ಬಂದೂಕು

ರಾಚವ್ವ ಸಾಲಹಳ್ಳಿಯಿಂದ ಸೊಸೆಯಾಗಿ ಸಂಗೊಳ್ಳಿಗೆ ಬಂದ ದಿನವೇ ಆ ಬಂದೂಕನ್ನು ಕಂಡಿದ್ದಳು. ಪಡಸಾಲೆಯ ಗೋಡೆಗೆ ಎರಡು ಕಟ್ಟಿಗೆಯ ಗೂಟ, ಅವುಗಳ ಮೇಲೆ ಅಡ್ಡಲಾಗಿ ಮಲಗಿದ ಒಂಟಿ ನಳಿಗೆಯ ಬಂದೂಕು. ತವರಿನಲ್ಲಿ ಅಂಥದ್ದನ್ನು ಯಾರ ಮನೆಯಲ್ಲೂ ಅವಳು ನೋಡಿರಲಿಲ್ಲ. ಆರತಿ ಹಿಡಿದ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತವಳು ಒಮ್ಮೆ ಕಣ್ಣೆತ್ತಿ, ಮತ್ತೆ ತಗ್ಗಿಸಿದಳು. ಅತ್ತೆ ಅದನ್ನು ಗಮನಿಸಿದ್ದಳು.

"ಅಂಜಬ್ಯಾಡವಾ, ಅದು ಹಂದಿಗೆ" ಎಂದಳು.

ಹಂದಿಗೆ ಎಂದು ತಂದ ಆ ಬಂದೂಕಿನಿಂದ ಒಂದು ಹಂದಿಯೂ ಸತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ ಅದು. ಕೊಲ್ಲುವ ಮಾತೇ ಇರಲಿಲ್ಲ. ಮಲಪ್ರಭೆಯ ದಂಡೆಯ ಕಬ್ಬಿನಲ್ಲಿ ಕಾಡುಹಂದಿಗಳು ಅಡಗಿರುತ್ತಿದ್ದವು. ಗೋವಿನಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತೆಂದರೆ ಸಾಕು, ಮರಿ ಕಟ್ಟಿಕೊಂಡು ಹೊರಬೀಳುತ್ತಿದ್ದವು. ಆಗ ಮಾವ, ಮಾವನ ನಂತರ ಗಂಡ ನಿಜಗುಣಪ್ಪ, ಹೊಲದ ಬದುವಿನಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಅಷ್ಟಕ್ಕೇ ಹಂದಿಗಳು ಕಬ್ಬಿಗೆ ಓಡುತ್ತಿದ್ದವು. ಹಳ್ಳದಾಚೆಯ ಸಣ್ಣ ಪಟ್ಟಿಯಲ್ಲಿ ಸಾವಂತ್ರೆವ್ವ ಖಾಲಿ ಡಬ್ಬಿ ಬಡಿಯುತ್ತ ಕೂತಿರುತ್ತಿದ್ದಳು. ಆ ಈಡಿನ ಸದ್ದು ಕೇಳಿದರೆ ಡಬ್ಬಿ ಕೆಳಗಿಟ್ಟು ಅವಳೂ ಕಣ್ಣು ಮುಚ್ಚುತ್ತಿದ್ದಳು.

ಬಂದೂಕಿಗೆ ಎಣ್ಣೆ ಹಚ್ಚುವ ಕೆಲಸ ಕ್ರಮೇಣ ರಾಚವ್ವನ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ. ದೇವರ ದೀಪದ ಸಮೆ ಬೆಳಗಿದ ಕೈ ಹಾಗೇ ಮುಂದುವರಿದು ಬಂದೂಕಿನ ಮೇಲೂ ಹೋಗುತ್ತಿತ್ತು, ಅಷ್ಟೇ. ನಿಜಗುಣಪ್ಪ ಅದನ್ನು ನೋಡಿ ನಗುತ್ತಿದ್ದ. "ನಿನ್ನ ಸವತಿಗೆ ಚಂದಂಗ ತಿಕ್ಕಿ ಎರಿ" ಎನ್ನುತ್ತಿದ್ದ. ಊರ ಹೆಂಗಸರಿಗೂ ಆ ಮಾತು ಸಿಕ್ಕಿತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನವರು ತಮ್ಮ ಬಂದೂಕು ಒಯ್ದು ಬೈಲಹೊಂಗಲದ ಠಾಣೆಯಲ್ಲಿಡಬೇಕು. ಆಗ ಬಾವಿಕಟ್ಟೆಯ ಮೇಲೆ, "ರಾಚವ್ವನ ಸವತಿ ತವರಿಗೆ ಹೋಗ್ಯಾಳ, ಇನ್ನ ರಾಚವ್ವಂದ ರಾಜ್ಯ" ಎಂದು ನಗು. ರಾಚವ್ವನೂ ನಗುತ್ತಿದ್ದಳು. ಫಲಿತಾಂಶ ಬಂದ ಮೇಲೆ ನಿಜಗುಣಪ್ಪ ಅದನ್ನು ಧೋತರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತರುತ್ತಿದ್ದ, ಆಡಿನ ಮರಿ ತಂದಷ್ಟೇ ಸಹಜವಾಗಿ.

ಅವಳು ಆ ಮನೆಗೆ ಬಂದಾಗ ಮೈದುನ ಸದಾಶಿವ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಾರದ ಹುಡುಗ. ಸ್ವಲ್ಪ ದಿನಕ್ಕೆ ಅತ್ತೆ ತೀರಿಕೊಂಡಳು. ಅಂದಿನಿಂದ ಅವನ ತಲೆಗೆ ಎಣ್ಣೆ ಹಚ್ಚಿದವಳು, ಸಾಲಿಗೆ ರೊಟ್ಟಿ ಕಟ್ಟಿದವಳು, ಜ್ವರ ಬಂದಾಗ ಬೈಲಹೊಂಗಲದ ದವಾಖಾನೆಯ ಜಗುಲಿಯಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ರಾಚವ್ವ. ಅವನಿಗೆ ಹೆಣ್ಣು ನೋಡಲು ಸವದತ್ತಿಗೂ ರಾಮದುರ್ಗಕ್ಕೂ ಅವಳೇ ಅಲೆದಳು. ಅವನು ಅವಳನ್ನು ಕರೆಯುವುದು ವೈನಿ ಎಂದು. ಆದರೆ ಸಿಟ್ಟು ಬಂದಾಗ ಬಂದು ಹೇಳಿಕೊಳ್ಳುವ ರೀತಿ ತಾಯಿಗೆ ಹೇಳಿಕೊಳ್ಳುವ ಹಾಗೆ.

ಅಣ್ಣತಮ್ಮಂದಿರು ಬೇರೆಯಾದಾಗ ಜಗಳವಾಗಲಿಲ್ಲ. ಹೊಲ ಎರಡು ಪಾಲಾಯಿತು. ಹೊಳೆಯಿಂದ ನೀರು ತರುವ ಪೈಪು ಒಂದೇ ಇದ್ದುದರಿಂದ ಇಬ್ಬರೂ ಪಾಳಿಯ ಮೇಲೆ ನೀರು ಬಿಟ್ಟುಕೊಳ್ಳುವುದೆಂದಾಯಿತು. ಬಂದೂಕನ್ನು ಎರಡು ತುಂಡು ಮಾಡಲು ಬರುವುದಿಲ್ಲ. ಅದು ಅಣ್ಣನ ಕಡೆಗೆ, ಅದರ ಬದಲಿಗೆ ನೀರು ಕಾಯಿಸುವ ದೊಡ್ಡ ತಾಮ್ರದ ಹಂಡೆ ತಮ್ಮನ ಕಡೆಗೆ. "ಬಂದೂಕಿನಕ್ಕಿಂತ ಹಂಡೇ ವಜ್ಜಿ ಐತಿ, ನಾನ ಗೆದ್ದೆ" ಎಂದು ಸದಾಶಿವ ಹಂಡೆಯನ್ನು ಹೆಗಲ ಮೇಲೆ ಹೊತ್ತು ಹೋಗಿದ್ದ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಿಜಗುಣಪ್ಪ ಎದೆನೋವಿನಿಂದ ತೀರಿಕೊಂಡ. ದಿನಕರ್ಮಗಳು ಮುಗಿದ ಮೇಲೆ ಮಗ ಸಂಜು ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ಲೈಸೆನ್ಸು ಸತ್ತವನ ಹೆಸರಿನಲ್ಲಿದೆ. ಬೇರೆಯವರ ಹೆಸರಿಗಾಗುವ ತನಕ ಅದು ಮನೆಯಲ್ಲಿ ಇರುವಂತಿಲ್ಲ. ಈ ಸಲ ಬಾವಿಕಟ್ಟೆಯ ಮೇಲೆ ಯಾರೂ ತವರಿನ ಮಾತು ಆಡಲಿಲ್ಲ. ಸೊಸೆ ಅನ್ನಪೂರ್ಣಾ ಖಾಲಿಯಾದ ಗೂಟಗಳಿಗೆ ಮಗಳು ಉಮಾಶ್ರೀಯ ಸಾಲಿ ಚೀಲ ನೇತುಹಾಕಿದಳು.

ಸಂಜು ತಂದೆಯ ಹಾಗಲ್ಲ. ಕೆಟ್ಟವನೂ ಅಲ್ಲ. ಊರಿನ ಸೊಸಾಯಿಟಿಗೆ ಡೈರೆಕ್ಟರ್ ಆಗಿ ಆರಿಸಿ ಬಂದಿದ್ದ. ಆ ಮೇಲೆ ಅವನ ಸ್ನೇಹ ಕಿತ್ತೂರು, ಸವದತ್ತಿಯ ತನಕ ಹಬ್ಬಿತ್ತು. ಆ ಸ್ನೇಹಿತರಲ್ಲಿ ಒಬ್ಬಿಬ್ಬರು ಮದುವೆ ಮನೆಗೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಬರುತ್ತಿದ್ದರು. ಅಂಗಿ ಸ್ವಲ್ಪ ಮೇಲೆ ಸರಿದು ಅದರ ಹಿಡಿ ಕಾಣುವ ಹಾಗೆ ಕೂತು ಊಟ ಮಾಡುತ್ತಿದ್ದರು. ಅವರ ಜೊತೆ ತೆಗೆಸಿಕೊಂಡ ಫೋಟೋ ಸಂಜುವಿನ ಮೊಬೈಲಿನಲ್ಲಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಅವನು ಸುದ್ದಿ ಹೇಳಿದ.

"ಅವ್ವಾ, ಬಂದೂಕಿಂದು ಅರ್ಜಿ ಹಾಕೇನಿ. ನೀನೂ ಒಂದ ಸಹಿ ಮಾಡಬೇಕು. ಪೊಲೀಸ್ರು ವಿಚಾರಣಿಗೆ ಬರತಾರ, ಕೇಳಿದ್ರ ಆತ್ಮ ರಕ್ಷಣೆಗೆ ಅನ್ನು. ಬೆಳಿ ರಕ್ಷಣೆ ಅನಬ್ಯಾಡ."

ರಾಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆತ್ಮಕ್ಕೇನ ಆಗೇತೋ?"

ಅನ್ನಪೂರ್ಣಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂಜುವಿಗೆ ನಗು ಬರಲಿಲ್ಲ.

"ಅದು ಸರಕಾರಿ ಮಾತವ್ವಾ. ಬೈಲಹೊಂಗಲದಾಗ ಅರ್ಜಿ ಬರಿಯಾಂವಾ ಹೇಳ್ಯಾನ. ಬೆಳಿ ರಕ್ಷಣೆ ಅಂದ್ರ ಬಂದೂಕ ಹೊಲಾ ಬಿಟ್ಟ ಅತ್ತಾಗ ಒಯ್ಯಾಕ ಬರೂದಿಲ್ಲಂತ. ಆತ್ಮ ರಕ್ಷಣೆ ಅಂದ್ರ ಜೊತಿಗೆ ಇಟಗೋಬಹುದು. ಮುಂದ ಪಿಸ್ತೂಲ ತಗೊಳ್ಳಾಕೂ ದಾರಿ ಆಗತೈತಿ."

ರಾಚವ್ವನಿಗೆ ಅರ್ಥವಾದದ್ದು ಅರ್ಧ. ಮಠದಲ್ಲಿ ಪ್ರವಚನ ಮಾಡುವ ಸ್ವಾಮಿಗಳು ಆತ್ಮ ಎನ್ನುವ ಮಾತನ್ನು ಬಹಳ ಸಲ ಆಡುತ್ತಾರೆ. ಸರಕಾರವೂ ಹಂದಿ ಕಾಯುವ ಕೆಲಸಕ್ಕೆ ಅಂಥ ಒಂದು ದೊಡ್ಡ ಹೆಸರು ಇಟ್ಟಿರಬೇಕು ಎಂದುಕೊಂಡಳು. ಯಾರಿಂದ ರಕ್ಷಣೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಸಂಜು ಏನು ಹೇಳುತ್ತಿದ್ದನೋ.

ಕೇಳಿದವಳು ಅನ್ನಪೂರ್ಣಾ, ಅದೂ ಬೇರೆ ರೀತಿ. "ಮನ್ಯಾಗ ಹೆಣ್ಣ ಹುಡುಗಿ ಐತಿ. ಅಂಥಾದ್ದು ತಂದು ಎಲ್ಲಿ ಇಡತೀರಿ?"

"ನಾ ಹುಡುಗ ಇದ್ದಾಗ ಇದ ಮನ್ಯಾಗ ಬಂದೂಕ ಇರಲಿಲ್ಲೇನು? ನಾ ಸತ್ತೇನೇನು?"

"ಮಾವಾರದು ಗ್ವಾಡಿ ಮ್ಯಾಲ ಇತ್ತು. ನಿಮ್ಮದು ಸೊಂಟದಾಗ ಇರತೈತಿ."

ಸಂಜು ತಟ್ಟೆ ಸರಿಸಿದ. "ಮೋಟಾರ ಚಾಲೂ ಮಾಡಾಕ ಹೊಳಿ ದಂಡಿಗೆ ಒಬ್ಬಾವನ ಹೋಗಾಂವಾ ನಾನು. ನಿನಗೇನ ಗೊತ್ತು? ಏನರ ಆದ್ರ ಪೊಲೀಸ್ರು ಬರೋತನಕ ನಾ ಇರತೇನೇನು? ಪೊಲೀಸ್ರ ಹತ್ರ ಐತಿ, ಕಳ್ಳರ ಹತ್ರ ಐತಿ. ಕೆಲಸಾ ಮಾಡಿ ತಿನ್ನಾಂವನ ಹತ್ರ ಅಷ್ಟ ಇರಬಾರದಾ?"

ಅನ್ನಪೂರ್ಣಾ ಅವನು ಸರಿಸಿದ ತಟ್ಟೆಯನ್ನು ಎತ್ತಿಟ್ಟಳು. ಹೋದ ವರ್ಷದ ಬೇಸಿಗೆಯಲ್ಲಿ ಹೊಳೆಯ ದಂಡೆಯಲ್ಲಿ ನಡೆದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀರು ಇಳಿದು, ಕರೆಂಟು ಕಡಿಮೆಯಾಗಿ, ಪಾಳಿ ತಪ್ಪಿತ್ತು. ತನ್ನ ಪಾಳಿಯಲ್ಲಿ ಸಂಜು ನೀರು ತಿರುಗಿಸಿಕೊಂಡನೆಂದು ಸದಾಶಿವ ಕೂಗಾಡಿದ್ದ. ಸಂಜು ಕಾಕಾನ ಎದೆಗೆ ಕೈ ಹಚ್ಚಿ ತಳ್ಳಿದ್ದ. ಸದಾಶಿವ ಕಬ್ಬು ಕಡಿಯುವ ಕೊಯ್ತಾ ಎತ್ತಿದ್ದ. ಪಕ್ಕದ ಹೊಲದವರು ಬಂದು ಬಿಡಿಸಿದ್ದರು. ನಿಜಗುಣಪ್ಪ ಆಗ ಇನ್ನೂ ಬದುಕಿದ್ದ. ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಬೈದು, ಒಂದೇ ತಂಬಿಗೆಯಲ್ಲಿ ನೀರು ಕುಡಿಸಿ ಕಳಿಸಿದ್ದ. ಅಲ್ಲಿಗೆ ಅದು ಮುಗಿಯಿತೆಂದು ರಾಚವ್ವ ತಿಳಿದಿದ್ದಳು.

ಅವಳು ಸಹಿ ಮಾಡಿದಳು. ರಾಚವ್ವ ಎಂಬ ಮೂರಕ್ಷರ ಬರೆಯಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ರಾಚವ್ವ ಕಟ್ಟೆಯ ಮೇಲೆ ಅಲಸಂದಿ ಹಸನು ಮಾಡುತ್ತ ಕೂತಿದ್ದಳು. ಸದಾಶಿವ ಬಿಸಿಲಿನಲ್ಲಿ ಬರುತ್ತಿರುವುದು ದೂರದಿಂದಲೇ ಕಂಡಿತು. ತಲೆಗೆ ಸುತ್ತುವ ಪಟಗಾ ಇರಲಿಲ್ಲ. ಯಾವಾಗಲೂ ಚಪ್ಪಲಿ ಬಿಟ್ಟು ನೇರ ಒಳಗೆ ಹೋಗುವವನು ಅಂಗಳದಲ್ಲೇ ನಿಂತ.

"ಬಾ, ಕುಂದರ ಬಾ. ಬಿಸಲಾಗ ಯಾಕ ನಿಂತಿ?"

"ವೈನಿ, ಒಂದ ಮಾತ ಕೇಳತೇನಿ. ಖರೇ ಹೇಳ್ರಿ." ಅವನು ಚಪ್ಪಲಿ ಬಿಡಲಿಲ್ಲ. "ನನ್ನಿಂದ ನಿಮಗ ಜೀವಭಯ ಐತೇನ್ರಿ?"

ರಾಚವ್ವನಿಗೆ ಮೊದಲು ನಗು ಬಂತು. "ಬಿಸಲಿಗೆ ತಲಿ ತಿರಗೇತೇನೋ ನಿಂದು?"

"ನಗಬ್ಯಾಡ್ರಿ ವೈನಿ. ಹವಾಲ್ದಾರ ಪರಸಪ್ಪ ಮನಿಗೆ ಬಂದಿದ್ದಾ. ಓಣ್ಯಾಗಿನ ಮಂದಿ ಎಲ್ಲಾ ನೋಡಾಕತ್ತಿದ್ರು. ನನ್ನ ಹೆಂಡತಿ ಮುಂದ ಕೇಳಿದಾ, ನಿಮ್ಮ ಅಣ್ಣನ ಮಗನ್ನ ಕೊಲ್ಲತೇನಿ ಅಂದಿದ್ದೀರಂತಲ್ಲ, ಹೌದೇನ್ರಿ ಅಂತ. ಸಂಜು ಬಂದೂಕಿನ ಅರ್ಜಿಯೊಳಗ ಬರದಾನಂತ. ನಮ್ಮ ಕಾಕಾ ಸದಾಶಿವ ಇವರಿಂದ ನನಗ, ನಮ್ಮ ತಾಯಿಗೆ ಜೀವಭಯ ಐತಿ ಅಂತ. ಹೆಸರ ಹಾಕಿ ಬರದಾನಂತ."

ಮೊರದಲ್ಲಿ ಓಡುತ್ತಿದ್ದ ಕೈ ನಿಂತಿತು.

"ಕೊಯ್ತಾ ಎತ್ತಿದ್ದು ಖರೇ ವೈನಿ. ಎತ್ತಿಲ್ಲ ಅನ್ನಾಂಗಿಲ್ಲ ನಾನು. ಸಿಟ್ಟಿನಾಗ ಎತ್ತಿದೆ. ಆದ್ರ ನಿಮ್ಮನ್ನ? ನಿಮ್ಮನ್ನ ನಾ ಕೊಲ್ಲಾಂವೇನ್ರಿ?"

"ಒಳಗ ಬಾ. ಚಾ ಮಾಡತೇನಿ."

"ಬ್ಯಾಡ್ರಿ."

"ನೀರರ ಕುಡಿ."

"ನೀರೂ ಬ್ಯಾಡ್ರಿ ವೈನಿ. ಕುಡದು ಹೋದ್ರ, ಇವಾ ಬಂದು ಅಂಜಿಸಿ ಹೋದಾ ಅಂತ ಅದನ್ನೂ ಬರಸ್ತಾರ."

ಅವನು ಹೋದ. ಆ ಮನೆಯಲ್ಲಿ ಅವನು ನೀರು ಬೇಡವೆಂದದ್ದು ಅದೇ ಮೊದಲು. ರಾಚವ್ವ ಅಲಸಂದಿಯನ್ನು ಮತ್ತೆ ಹಸನು ಮಾಡತೊಡಗಿದಳು. ಹಸನಾದ ಕಾಳನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಸಂಜೆ ಸಂಜು ಬಂದಾಗ ಅವಳು ಕೂಗಾಡಲಿಲ್ಲ. ಕೈಕಾಲು ತೊಳೆದು ಬರುವ ತನಕ ಕಾದಳು.

"ಕಾಕಾನ ಹೆಸರ ಬರದೀಯಂತ."

ಸಂಜು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಹೇಳಿದ. "ಬರಿಲಿಲ್ಲಂದ್ರ ಅರ್ಜಿ ಮುಂದ ಹೋಗೂದಿಲ್ಲವ್ವಾ. ಯಾರಿಂದ ಭಯ ಅಂತ ಕೇಳತಾರ. ಗಾಳಿಯಿಂದ ಭಯ ಅಂತ ಬರಿಲೇನು?"

"ಬಂದೂಕ ಬೇಕಂತ ಒಬ್ಬ ವೈರಿನ್ನ ಹುಡಕೀಯಾ?"

"ಹುಡಕಾಕ ನಾ ಹೋಗಿಲ್ಲ. ಅವಾನ ಕೊಯ್ತಾ ಹಿಡಕೊಂಡು ಬಂದಾನ."

"ನೀ ಕೈ ಹಚ್ಚಿದ್ದಿ."

"ಹಚ್ಚಿದ್ದೆ. ಕೈ ಹಚ್ಚೂದು, ಕೊಯ್ತಾ ಎತ್ತೂದು ಎರಡೂ ಒಂದೇನು?"

ರಾಚವ್ವ ಮಗನ ಮುಖ ನೋಡಿದಳು. "ನನ್ನ ಮಾರಿ ನೋಡಿ ಹೇಳು. ನಿನಗ ಖರೇನ ಅವನ ಭಯ ಐತೇನು?"

ಸಂಜು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಈಗ ಇಲ್ಲ. ಆ ದಿವಸ ಇತ್ತು. ನೀ ಇರಲಿಲ್ಲವ್ವಾ ಅಲ್ಲಿ. ಆ ಕೊಯ್ತಾದ ಮ್ಯಾಲ ಬಿಸಲ ಬಿದ್ದು ಹೊಳದಿದ್ದು ನಾ ನೋಡೇನಿ. ನನ್ನ ಕಾಲ ಎರಡೂ ಕೆಸರಾಗ ಇದ್ದುವು. ಓಡಾಕ ಬರತಿರಲಿಲ್ಲ."

ಅದನ್ನು ಅವನು ಈ ಮೊದಲು ಹೇಳಿರಲಿಲ್ಲ. ರಾಚವ್ವ, ಮಗ ಸುಳ್ಳು ಬರೆಸಿದ್ದಾನೆಂದು ಸಿಟ್ಟಾಗಲು ಸಿದ್ಧಳಾಗಿ ಕೂತಿದ್ದಳು. ಪೂರ್ತಿ ಸುಳ್ಳಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಾಡದ್ದು ಠಾಣೆಗೆ ಕರದಾರ" ಎಂದ ಸಂಜು. "ನಿನ್ನ ಹೇಳಿಕಿ ಬೇಕಂತ. ಹೌದು, ಭಯ ಐತಿ ಅಂದ್ರ ಸಾಕು. ಹೆಚ್ಚಿಗೆ ಏನೂ ಬ್ಯಾಡ. ನೀ ಇಲ್ಲ ಅಂದ್ರ ಎಲ್ಲಾ ಹೋತು. ತಾಯಿನ ಇಲ್ಲ ಅಂದಮ್ಯಾಲ ಯಾರ ಕೊಡತಾರ?"

ಮೋಟಾರ್ ಸೈಕಲ್ಲಿನ ಹಿಂದೆ ಒಂದೇ ಕಡೆಗೆ ಕಾಲು ಬಿಟ್ಟು ಕೂತು ರಾಚವ್ವ ಬೈಲಹೊಂಗಲಕ್ಕೆ ಹೋದಳು. ಅಂದು ಪೇಟೆಯ ದಿನ. ಮಾರ್ಕೆಟ್ ಯಾರ್ಡಿನ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಯ ತನಕ ಬಂದಿತ್ತು. ಸಂಜುವಿಗೆ ಹೇಳುವುದೆಲ್ಲ ಮನೆಯಲ್ಲೇ ಹೇಳಿ ಮುಗಿದಿತ್ತು.

ಠಾಣೆಯಲ್ಲಿ ಹವಾಲ್ದಾರ ಪರಸಪ್ಪ ಅವರನ್ನು ಕಂಡು ಎದ್ದು ಕುರ್ಚಿ ಕೊಟ್ಟ. ನಿಜಗುಣಪ್ಪ ಚುನಾವಣೆ ಚುನಾವಣೆಗೂ ಬಂದೂಕು ಇಡಲು ಬರುತ್ತಿದ್ದರಿಂದ ಪರಿಚಯ ಹಳೆಯದು.

"ಕುಂದರ್ರಿ ಯವ್ವಾ. ಚಾ ಹೇಳಲೇನು?"

"ಬ್ಯಾಡಪಾ. ಏನ ಕೇಳತಿ ಕೇಳಿಬಿಡು."

ಸಂಜು ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕೂತ. ಪರಸಪ್ಪ ಕಾಗದ ಹೊಂದಿಸಿಕೊಂಡ. ಹೆಸರು, ವಯಸ್ಸು, ಗಂಡನ ಹೆಸರು. ವಯಸ್ಸು ಕೇಳಿದಾಗ ರಾಚವ್ವ "ಸಂಜು ಹುಟ್ಟಿದಾಗ ನನಗ ಇಪ್ಪತ್ತರ ಮ್ಯಾಲ ಆಗಿತ್ತು, ನೀನ ಲೆಕ್ಕಾ ಹಾಕು" ಎಂದಳು. ಪರಸಪ್ಪ ಸಂಜುವಿನ ಕಡೆ ನೋಡಿ ಏನೋ ಬರೆದ.

"ಈಗ ಹೇಳ್ರಿ. ನಿಮ್ಮ ಮಗಾ ಆತ್ಮ ರಕ್ಷಣೆಗೆ ಬಂದೂಕ ಬೇಕಂತ ಅರ್ಜಿ ಹಾಕ್ಯಾನ. ನಿಮ್ಮ ಒಪ್ಪಿಗಿ ಐತೇನು?"

"ಆತ್ಮ ರಕ್ಷಣೆಗೆ ಬಂದೂಕ ಯಾಕಪಾ?" ರಾಚವ್ವ ಸೆರಗಿನ ಮೇಲಿಂದಲೇ ಎದೆಯ ಮೇಲಿನ ಲಿಂಗವನ್ನು ಹಿಡಿದಳು. "ಅದಕ್ಕ ಇದು ಐತಲ್ಲ. ಹುಟ್ಟಿದಾಗಿಂದ ಕೊಳ್ಳಾಗ ಕಟಗೊಂಡೇನಿ."

ಪಕ್ಕದ ಮೇಜಿನ ಪೊಲೀಸನೊಬ್ಬ ಗಟ್ಟಿಯಾಗಿ ನಕ್ಕ. ಪರಸಪ್ಪನೂ ನಕ್ಕ. ಅವನ ನಗುವಿನಲ್ಲಿ ಹೀಯಾಳಿಕೆ ಇರಲಿಲ್ಲ.

"ಯವ್ವಾ, ಅದು ಮಠದಾಗಿನ ಆತ್ಮ. ಇದು ಕಾಯ್ದೆದಾಗಿನ ಆತ್ಮ. ಕಾಯ್ದೆದಾಗ ಆತ್ಮ ಅಂದ್ರ ಮೈ. ಮೈಮ್ಯಾಲ ಯಾರರ ಏರಿ ಬಂದ್ರ ಉಳಸ್ಕೊಳ್ಳಾಕ ಅಂತ."

"ಹಂಗೇನು" ಎಂದಳು ರಾಚವ್ವ. ಸ್ವಲ್ಪ ನಾಚಿಕೆಯಾಯಿತು. ಸಹಿ ಮಾಡಿದ ದಿನ ತಾನು ಏನೆಂದುಕೊಂಡು ಮಾಡಿದ್ದೆ ಎಂಬುದು ನೆನಪಾಯಿತು.

"ಅದಕ್ಕ ಯಾರಿಂದ ಭಯ ಅಂತ ಕೇಳೂದು. ನಿಮ್ಮ ಮೈದುನ ಸದಾಶಿವ ಅಂತ ಬರದಾನ ಇವಾ. ಸದಾಶಿವನಿಂದ ನಿಮಗ ಭಯ ಐತೋ, ಇಲ್ಲೋ? ಎರಡರಾಗ ಒಂದ ಹೇಳ್ರಿ."

ಬೆಂಚಿನ ಮೇಲೆ ಕೂತ ಸಂಜು ಮುಂದಕ್ಕೆ ಬಾಗಿದ. ಹೊರಗೆ ಯಾರದೋ ಗಾಡಿ ಹಾರ್ನ್ ಹೊಡೆಯುತ್ತಿತ್ತು. ರಾಚವ್ವನಿಗೆ ಮಗ ಹೇಳಿದ ಕೆಸರು ಕಣ್ಣಿಗೆ ಕಟ್ಟಿತು. ಅದರಲ್ಲಿ ಹೂತ ಎರಡು ಕಾಲು. ನೀರು ಬೇಡವೆಂದು ಹೋದವನ ಬರಿತಲೆಯೂ ಕಂಡಿತು. ಐತಿ ಎಂದರೆ ಸಾಕಿದ ಮಗ ದೂರ, ಇಲ್ಲ ಎಂದರೆ ಹೆತ್ತ ಮಗ. ಅವಳು ಅಷ್ಟು ಚೊಕ್ಕವಾಗಿ ಯೋಚಿಸಿದಳೆಂದಲ್ಲ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಎರಡರಾಗ ಒಂದ ಆಗೂದಿಲ್ಲಪಾ. ನಾ ಹೇಳಿದಂಗ ಬರಿ" ಎಂದಳು. "ಸದಾಶಿವ ಕೊಯ್ತಾ ಎತ್ತಿದ್ದು ಖರೇ. ಅದನ್ನ ಬರಿ. ನನ್ನ ಮಗಾ ಅವನ ಎದಿಗೆ ಕೈ ಹಚ್ಚಿ ದಬ್ಬಿದ್ದೂ ಖರೇ. ಅದನ್ನೂ ಬರಿ. ನನ್ನ ಮಗಾ ಅವತ್ತ ಅಂಜಿದ್ದಾ, ಅದೂ ಖರೇ. ಸದಾಶಿವ ನಮ್ಮನ್ನ ಕೊಲ್ಲತಾನ ಅನ್ನೂದು ಸುಳ್ಳ. ಅದನ್ನೂ ಬರಿ. ಗೋವಿನಜೋಳಕ್ಕ ಹಂದಿ ಬರತಾವು, ಬಂದೂಕ ಬೇಕಾದ್ದು ಅದಕ್ಕ. ಇಷ್ಟ ನನ್ನ ಹೇಳಿಕಿ."

ಪರಸಪ್ಪ ಪೆನ್ನು ಎತ್ತಿ ಹಿಡಿದ. "ಯವ್ವಾ, ಹಿಂಗ ಬರದ್ರ ಈ ಅರ್ಜಿ ನಡಿಯಾಂಗಿಲ್ಲ ನೋಡ್ರಿ. ವಾಪಸ್ ಬರತೈತಿ."

"ಬರಲಿ."

"ಮಗಾ ಸಿಟ್ಟಾಗತಾನ."

"ಆಗ್ಯಾನ ಆಗಲೇ. ನೋಡಲ್ಲಿ."

ಬೆಂಚು ಖಾಲಿಯಾಗಿತ್ತು. ಮೋಟಾರ್ ಸೈಕಲ್ಲು ಚಾಲೂ ಆದ ಸದ್ದು, ಗೇಟು ದಾಟಿ ಹೋದ ಸದ್ದು ಇಬ್ಬರಿಗೂ ಕೇಳಿಸಿತು.

ಬಸ್ ನಿಲ್ದಾಣದಲ್ಲಿ ಸಾವಂತ್ರೆವ್ವ ಸಿಕ್ಕಳು. ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದಿದ್ದಳು. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದಳು. ಸಂಗೊಳ್ಳಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

"ಏನ್ರಿ ರಾಚವ್ವಾರ, ಮಗನ ಗಾಡಿ ಬಿಟ್ಟು ಬಸ್ಸಿಗೆ ಬಂದ್ರಿ? ನಿಮ್ಮ ಸವತಿ ಯಾವಾಗ ಬರತಾಳಂತ?"

"ಬರೂದಿಲ್ಲ. ನಾನ ಬ್ಯಾಡ ಅಂದ ಬಂದೆ." ರಾಚವ್ವ ನಡೆದದ್ದನ್ನು ಚಿಕ್ಕದಾಗಿ ಹೇಳಿದಳು. ಊರಿನಲ್ಲಿ ಹೇಗೂ ಎಲ್ಲರಿಗೂ ಗೊತ್ತಾಗುವುದು.

ಸಾವಂತ್ರೆವ್ವ ಕಂಕುಳಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೆಚ್ಚುತ್ತಾಳೆಂದು ರಾಚವ್ವ ಅಂದುಕೊಂಡಿದ್ದಳೋ ಏನೋ. ಸಾವಂತ್ರೆವ್ವನ ಮುಖ ಹಾಗಿರಲಿಲ್ಲ.

"ಚೊಲೋ ಮಾಡಿದ್ರಿ, ಇಲ್ಲ ಅನ್ನೂದಿಲ್ಲ. ಆದ್ರ ಕಾಕಾ ಮಗಾ ಬಡದಾಡಿದ್ದು ನಿಮ್ಮ ಮನ್ಯಾಗ, ಹಂದಿ ತಿನ್ನೂದು ನನ್ನ ಪಟ್ಟಿ. ನಿಮ್ಮ ಯಜಮಾನ್ರದು ಒಂದ ಈಡಿಗೆ ನಮ್ದೂ ಉಳಿತಿತ್ರಿ. ಹೋದ ವರ್ಷದಿಂದ ಡಬ್ಬಿ ಬಡದೂ ಬಡದೂ ನನ್ನ ರಟ್ಟಿ ಹೋದುವು. ಹಂದಿಗೂ ತಿಳದೈತಿ, ಈ ಮುದುಕಿ ಹತ್ರ ಡಬ್ಬಿ ಬಿಟ್ರ ಏನೂ ಇಲ್ಲಂತ."

"ನಿನ್ನ ಗಂಡ ಕಾಡಪ್ಪ ಒಂದ ಲೈಸೆನ್ಸ್ ಕೇಳಬೇಕಿತ್ತು."

ಸಾವಂತ್ರೆವ್ವ ಈ ಸಲ ಬಾಯಿ ತುಂಬ ನಕ್ಕಳು. "ಕೇಳಿದ್ರರಿ ನಮ್ಮ ಯಜಮಾನ್ರು ಒಮ್ಮೆ, ನಿಮ್ಮ ಮಾವಾರ ಕಾಲಕ್ಕ. ಊರಾಗಿನ ಹಿರಿಯಾರ ಅಂದ್ರಂತ, ಏನಲೇ ಕಾಡ್ಯಾ, ನೀ ಯಾರ್ನ ಹೊಡ್ಯಾಂವ ಅಂತ. ಹಂದಿನ್ನ ಅಂದ್ರು. ಯಾರೂ ನಂಬಲಿಲ್ಲ. ನಿಮ್ಮ ಮನಿದು ಕೇಳಿದಾಗ ಯಾರೂ ಹಂಗ ಕೇಳಲಿಲ್ಲ ನೋಡ್ರಿ."

ರಾಚವ್ವ ಕಿಟಕಿಯ ಕಡೆ ತಿರುಗಿದಳು. ಹೌದು, ಯಾರೂ ಕೇಳಿರಲಿಲ್ಲ. ಅದು ಹಂದಿಗೆ ಎಂದು ಅತ್ತೆ ಹೇಳಿದ್ದನ್ನೇ ಅವಳೂ ಇಷ್ಟು ವರ್ಷ ನಂಬಿದ್ದಳು. ಇಳಿಯುವಾಗ ಸಾವಂತ್ರೆವ್ವ ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದಳು.

ಅರ್ಜಿ ಪರಸಪ್ಪ ಹೇಳಿದ ಹಾಗೆಯೇ ವಾಪಸ್ ಬಂತು. ಬೆಳೆ ರಕ್ಷಣೆಗೆ ಎಂದು ಬೇರೆ ಅರ್ಜಿ ಹಾಕಲು ಬರುತ್ತದೆ ಎಂದು ಅನ್ನಪೂರ್ಣಾ ಒಂದೆರಡು ಸಲ ಹೇಳಿ ನೋಡಿದಳು. ಸಂಜು ಕೇಳಿಸಿಕೊಂಡ ಹಾಗೆ ಮಾಡಲಿಲ್ಲ. ಗಂಡನ ಬಂದೂಕು ಠಾಣೆಯಲ್ಲೇ ಉಳಿಯಿತು. ಆ ಸುಗ್ಗಿಯಲ್ಲಿ ಹಂದಿಗಳು ಕೆಳಗಿನ ಮೂಲೆಯ ಗೋವಿನಜೋಳ ಮುರಿದು ಹಾಕಿದವು. ಸಾವಂತ್ರೆವ್ವನ ಪಟ್ಟಿಯನ್ನಂತೂ ಅರ್ಧಕ್ಕಿಂತ ಹೆಚ್ಚು ತಿಂದವು. ರಾಚವ್ವ ತಮ್ಮ ಕಣದಿಂದ ಒಂದು ಚೀಲ ಕಾಳು ಅವಳ ಮನೆಗೆ ಕಳಿಸಿದಳು. ಸಾವಂತ್ರೆವ್ವ ಇಟ್ಟುಕೊಂಡಳು. 'ಯಾಕ್ರಿ ಇದು' ಎಂದು ಹೇಳಿ ಕಳಿಸಲಿಲ್ಲ.

ಸದಾಶಿವ ಮನೆಗೆ ಬರಲಿಲ್ಲ. ರಾಚವ್ವ ಠಾಣೆಯಲ್ಲಿ ಹೇಳಿದ್ದು ಅವನಿಗೆ ತಿಳಿದಿತ್ತು. ಕೊಯ್ತಾದ ಮಾತನ್ನೂ ಅವಳು ಬರೆಸಿದ್ದು ಅವನ ಮನಸ್ಸಿಗೆ ಹತ್ತಿತ್ತು. ದಾರಿಯಲ್ಲಿ ಕಂಡರೆ "ಆರಾಮ ಅದೀರಿ ವೈನಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದ. ಅವಳೂ ಅಷ್ಟಕ್ಕೆ ಹೂಂ ಎನ್ನುತ್ತಿದ್ದಳು.

ಸಂಜು ತಾಯಿಯ ಜೊತೆ ಮಾತು ಬಿಟ್ಟಿದ್ದ. ಊಟ, ಔಷಧಿ, ದುಡ್ಡು ಎಲ್ಲವೂ ಅನ್ನಪೂರ್ಣಾಳ ಮೂಲಕ. ಒಂದೇ ಒಂದು ಸಲ, ಪಂಪಿಗೆ ಹೊರಡುವ ಮುಂಚೆ ಚಪ್ಪಲಿ ಮೆಟ್ಟುತ್ತ, ಗೋಡೆಗೆ ಹೇಳುವ ಹಾಗೆ ಹೇಳಿದ.

"ಇನ್ನೊಮ್ಮೆ ಅವಾ ಕೊಯ್ತಾ ಎತ್ತಿದ್ರ ಏನ ಮಾಡ್ಲಿ ಅಂತ ಹೇಳಲಿ ಯಾರರ."

ಎರಡು ದಿನ ಆ ಪ್ರಶ್ನೆ ರಾಚವ್ವನ ತಲೆಯಲ್ಲಿ ಸುತ್ತಿತು. ಬಂದೂಕು ಬೇಡವೆಂದದ್ದು ಸರಿಯೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಬೇಡವೆಂದು ಹೇಳಿ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರುವುದು ಸರಿ ಅನ್ನಿಸುತ್ತಿರಲಿಲ್ಲ.

ಆ ವಾರ ಕರೆಂಟಿನ ಪಾಳಿ ಸಂಜೆಗೆ ಬಂದಿತ್ತು. ಹೊತ್ತು ಇಳಿಯುವಾಗ ಸಂಜು ಗಾಡಿ ಹೊರಗೆ ತೆಗೆದ. ರಾಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಟರಿ ಹಿಡಿದು ಅಂಗಳಕ್ಕೆ ಇಳಿದಳು.

"ಎಲ್ಲಿಗ್ರಿ ಅತ್ತಿ ಈ ಹೊತ್ತಿನಾಗ?" ಎಂದಳು ಅನ್ನಪೂರ್ಣಾ.

"ಹೊಳಿಗೆ. ಬಂದೂಕ ಬ್ಯಾಡ ಅಂದಾಕಿ ನಾನು. ಅವನ ಜೊತಿಗೆ ಹೋಗಾಕಿನೂ ನಾನ."

ಸಂಜು ತಾಯಿಯನ್ನು ನೋಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗಾಡಿ ಚಾಲೂ ಮಾಡಿ ಅವಳು ಹತ್ತುವ ತನಕ ನಿಂತ. ಮರುದಿನವೂ, ಅದರ ಮರುದಿನವೂ ಹಾಗೆಯೇ. ಪಂಪಿನ ಕೋಣೆಯ ಮುಂದಿನ ಕಲ್ಲಿನ ಮೇಲೆ ಅವಳು ಕೂರುತ್ತಿದ್ದಳು. ಸಂಜು ನೀರು ತಿರುಗಿಸುತ್ತಿದ್ದ. ತನ್ನ ಪಾಳಿಗೆ ಬಂದ ಸದಾಶಿವ ವೈನಿ ಕೂತಿದ್ದನ್ನು ಕಂಡು ದೂರದ ಬದುವಿನ ಮೇಲೇ ಕುಕ್ಕರುಗಾಲಿನಲ್ಲಿ ಕೂತು, ಸಂಜುವಿನ ಕೆಲಸ ಮುಗಿಯುವುದನ್ನು ಕಾಯುತ್ತಿದ್ದ. ಅವನ ಕೈಯಲ್ಲಿ ಸಲಿಕೆ ಇತ್ತು. ನೀರು ಕಾಲುವೆಯಲ್ಲಿ ಹರಿಯುವ ಸದ್ದು ಮಾತ್ರ ಇತ್ತು.

ಪಾಳಿಯ ಕೊನೆಯ ದಿನ ವಾಪಸ್ ಬರುವಾಗ, ಕಬ್ಬಿನ ನಡುವಿನ ದಾರಿಯಲ್ಲಿ ಸಂಜು ಗಾಡಿ ನಿಧಾನ ಮಾಡಿದ.

"ಗಟ್ಟಿ ಹಿಡ್ಕೋ ಅವ್ವಾ" ಎಂದ. "ಮುಂದ ತಗ್ಗ ಐತಿ."

ರಾಚವ್ವ ಅವನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಳು.